ಪರದೆ ಪ್ರಶ್ನೋತ್ತರ: ಹಡಗು ದೊಡ್ಡದಾದಷ್ಟೂ ಎದೆ ನಡುಗುತ್ತದೆಯೇ?

ಈ ಸಲದ ಟಪಾಲಿನಲ್ಲಿ ಹೆಚ್ಚಿನವು ಏಲಿಯನ್ ದಾಳಿಯ ಸಿನಿಮಾಗಳ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಅಂಕಣವನ್ನು ಪೂರ್ತಿ ಅವಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ರಜೆಯಲ್ಲಿ ಮಕ್ಕಳ ಜೊತೆ ‘ಇಂಡಿಪೆಂಡೆನ್ಸ್ ಡೇ’ (1996) ನೋಡಿದೆವು. ಮರುದಿನ ಅದರ ಎರಡನೇ ಭಾಗ (2016). ಎರಡನೆಯದರಲ್ಲಿ ಗ್ರಾಫಿಕ್ಸ್ ಎಷ್ಟೋ ನಯ ಉಂಟು, ಹಡಗಂತೂ ಭಾರೀ ದೊಡ್ಡದು. ಆದರೆ ಮೊದಲನೆಯದಕ್ಕೆ ಉಸಿರು ಬಿಗಿಹಿಡಿದು ಕೂತ ಮಕ್ಕಳು ಎರಡನೆಯದಕ್ಕೆ ಅರ್ಧದಲ್ಲೇ ಎದ್ದು ಹೋದರು. ಎಂತ ಕಾರಣ?
– ಓದುಗರು, ಉಡುಪಿ

ಉತ್ತರ: ಹಡಗು ಅಷ್ಟು ದೊಡ್ಡದಾದದ್ದೇ ಮುಖ್ಯ ಕಾರಣ. ಲೆಕ್ಕ ಹಾಕಿ ನೋಡಿ. ಮೊದಲ ಭಾಗದಲ್ಲಿ ನಗರಗಳ ಮೇಲೆ ಬಂದು ನಿಲ್ಲುವ ಹಡಗಿನ ಅಗಲ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್. ಅದರ ಒಂದು ಅಂಚನ್ನು ಹಂಪನಕಟ್ಟೆಯ ಮೇಲಿಟ್ಟರೆ ಇನ್ನೊಂದು ಅಂಚು ಪಣಂಬೂರು, ಸುರತ್ಕಲ್ ದಾಟಿ ಮುಲ್ಕಿಯ ಮೇಲೆ ಬರುತ್ತದೆ. ಭಯಂಕರ ದೊಡ್ಡದೇ, ಆದರೂ ಮನಸ್ಸಿನಲ್ಲಿ ಅಳೆಯಲು ಬರುತ್ತದೆ. ಬಸ್ಸಿನಲ್ಲಿ ಅಷ್ಟು ದೂರ ಹೋದರೂ ತಲೆಯ ಮೇಲೆ ಬಿಸಿಲು ಬೀಳುವುದಿಲ್ಲ ಎಂದು ಊಹಿಸಿಕೊಳ್ಳಬಹುದು. ಎರಡನೇ ಭಾಗದ ಹಡಗಿನ ಅಗಲ 3000 ಮೈಲಿ, ಸುಮಾರು 4800 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ 3200 ಕಿಲೋಮೀಟರ್ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದರ ಒಂದೂವರೆ ಪಾಲು. ರಸ್ತೆಯಲ್ಲಿ ನಿಂತ ಮನುಷ್ಯನಿಗೆ ಅದರ ಅಂಚೇ ಕಾಣುವುದಿಲ್ಲ. ಪೂರ್ತಿ ತೋರಿಸಬೇಕೆಂದರೆ ಕ್ಯಾಮೆರಾ ಬಾಹ್ಯಾಕಾಶಕ್ಕೆ ಹೋಗಿ ನಿಲ್ಲಬೇಕು. ಅಲ್ಲಿಂದ ನೋಡಿದರೆ ಭೂಮಿ ಒಂದು ಚೆಂಡು, ಹಡಗು ಅದಕ್ಕೆ ಅಂಟಿದ ತಟ್ಟೆ. ಆ ಚೌಕಟ್ಟಿನಲ್ಲಿ ನಮ್ಮಂಥವರು ಯಾರೂ ಇಲ್ಲದ್ದರಿಂದ ಹೆದರಿಕೆಯೂ ಹುಟ್ಟುವುದಿಲ್ಲ.

ಅಳತೆಯ ಜೊತೆಗೆ ತೂಕವೂ ಬೇಕು. ಬೀಳುವ ವಸ್ತುವಿನ ವೇಗ ನೋಡಿಯೇ ಅದರ ಗಾತ್ರ ಹೇಳಲು ನಮ್ಮ ಕಣ್ಣು ಕಲಿತಿರುತ್ತದೆ. 15 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ನೆಲ ಮುಟ್ಟಲು ಒಂದೂಮುಕ್ಕಾಲು ಸೆಕೆಂಡು ಬೇಕು. ಬಾಯಲ್ಲಿ ಈ ಲೆಕ್ಕ ಹೇಳುವವರು ಕಡಿಮೆ, ಆದರೆ ಕರಾವಳಿಯಲ್ಲಿ ಬೆಳೆದ ಎಲ್ಲರ ಕಣ್ಣಿಗೂ ಅದು ರೂಢಿ. 100 ಮೀಟರ್ ಮೇಲಿಂದ ಬೀಳುವ ಕಾಂಕ್ರೀಟ್ ತುಂಡಿಗೆ ನಾಲ್ಕೂವರೆ ಸೆಕೆಂಡು ಬೇಕು. ಪರದೆಯ ಮೇಲೆ ಅದು ಎರಡೇ ಸೆಕೆಂಡಿನಲ್ಲಿ ಬಿದ್ದುಬಿಟ್ಟರೆ ಇಡೀ ಕಟ್ಟಡ 20 ಮೀಟರಿನ ಆಟಿಕೆಯಂತೆ ಕಾಣುತ್ತದೆ, ಎಷ್ಟೇ ಕಿಟಕಿ ಬಿಡಿಸಿದ್ದರೂ. ಹಡಗಿನ ಚಲನೆಗೂ ಇದೇ ಮಾತು. 24 ಕಿಲೋಮೀಟರಿನ ಹಡಗು ತನ್ನ ಉದ್ದದಷ್ಟು ದೂರವನ್ನು 5 ಸೆಕೆಂಡಿನಲ್ಲಿ ಸರಿದರೆ ಅದರ ವೇಗ ಸೆಕೆಂಡಿಗೆ 4.8 ಕಿಲೋಮೀಟರ್, ಸದ್ದಿನ ವೇಗದ 14 ಪಟ್ಟು. ಅಷ್ಟು ವೇಗಕ್ಕೆ ಒಂದು ಮೋಡವೂ ಚದುರದಿದ್ದರೆ, ಒಂದು ಹಂಚೂ ಹಾರದಿದ್ದರೆ, ಕಣ್ಣು ಅದನ್ನು ಒಪ್ಪುವುದಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಯಕ್ಷಗಾನ ಮೇಳದವರು ಚೆನ್ನಾಗಿ ಬಲ್ಲರು. ತೆಂಕುತಿಟ್ಟಿನ ಬಣ್ಣದ ವೇಷ (ರಾಕ್ಷಸ ಪಾತ್ರ) ಏಕಾಏಕಿ ಬಂದು ಮುಖ ತೋರಿಸುವುದಿಲ್ಲ. ಮೊದಲು ದೂರದಿಂದ ಆರ್ಭಟೆ, ಚೆಂಡೆಯ ಪೆಟ್ಟು, ದೊಂದಿಗೆ ರಾಳ ಎರಚಿದಾಗ ಭಗ್ಗನೆ ಏಳುವ ಬೆಂಕಿ. ಆಮೇಲೆ ತೆರೆಯ ಮೇಲಂಚಿನಲ್ಲಿ ಕಿರೀಟ, ಕೆಳಗೆ ಕಾಲು, ಪಕ್ಕದಲ್ಲೊಂದು ಕೈ. ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ಬರೆದ ಮುಖ ಅದು, ಆದರೂ ಅದನ್ನು ಕೊನೆಗೇ ತೋರಿಸುತ್ತಾರೆ. 1996ರ ಸಿನಿಮಾದ ಮೊದಲ ದೃಶ್ಯ ನೆನಪಿಸಿಕೊಳ್ಳಿ: ಚಂದ್ರನ ಧೂಳಿನಲ್ಲಿ ಗಗನಯಾತ್ರಿಗಳ ಹೆಜ್ಜೆಗುರುತು, ಅದರ ಮೇಲೆ ಹಾಯುವ ನೆರಳು, ಅದುರಿ ಅಳಿಯುವ ಧೂಳು. ಮುಂದೆ ಊರುಗಳ ಮೇಲೆ ನೆರಳು, ಬೆಂಕಿಮೋಡ, ಅದನ್ನು ಸೀಳಿಕೊಂಡು ಬರುವ ಅಂಚು. ಮೊದಲ ಹೊಡೆತ ಬೀಳುವಾಗ ಸಿನಿಮಾ ಶುರುವಾಗಿ ಸುಮಾರು ಮುಕ್ಕಾಲು ಗಂಟೆ ಕಳೆದಿರುತ್ತದೆ.

ಈ ಮೂರೂ ಒಟ್ಟಿಗೆ ಕೂಡಿಬಂದ ದೃಶ್ಯ ನೋಡಬೇಕಿದ್ದರೆ 2005ರ ‘ವಾರ್ ಆಫ್ ದ ವರ್ಲ್ಡ್ಸ್’ ಹಾಕಿ. ನಾಲ್ಕು ರಸ್ತೆ ಕೂಡುವಲ್ಲಿ ಸಿಡಿಲು ಬಡಿದು ಡಾಂಬರಿನಲ್ಲಿ ಒಂದು ತೂತು ಬಿದ್ದಿದೆ. ಜನ ಸುತ್ತ ನಿಂತಿದ್ದಾರೆ. ನಾಯಕ ಒಂದು ಚೂರನ್ನು ಕೈಗೆತ್ತಿಕೊಂಡರೆ ಅದು ಮಂಜಿನಂತೆ ತಣ್ಣಗಿದೆ. ನೆಲ ಅದುರುತ್ತದೆ, ಬಿರುಕು ರಸ್ತೆಯುದ್ದಕ್ಕೂ ಓಡುತ್ತದೆ, ಎದುರಿನ ಇಗರ್ಜಿಯ ಮುಂಗೋಡೆ ಕಟ್ಟಡದಿಂದ ಬೇರ್ಪಡುತ್ತದೆ. ಯಂತ್ರ ಮೇಲೆದ್ದು ಕೊಲ್ಲಲು ಶುರುಮಾಡಿದ ಮೇಲೂ ಕ್ಯಾಮೆರಾ ಆಕಾಶಕ್ಕೆ ಹಾರುವುದಿಲ್ಲ, ಓಡುವವರ ಎತ್ತರದಲ್ಲೇ ಇರುತ್ತದೆ. ಯಾರೋ ಬೀಳಿಸಿಹೋದ ವೀಡಿಯೊ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಜನ ಬೂದಿಯಾಗುವುದು ಕಾಣುತ್ತದೆ. ಮನೆ ಮುಟ್ಟಿದ ನಾಯಕ ಕನ್ನಡಿಯಲ್ಲಿ ತನ್ನ ಮೈಮೇಲಿನ ಬೂದಿ ನೋಡಿಕೊಳ್ಳುತ್ತಾನೆ. ಆ ಬೂದಿ ಏನೆಂದು ನಮಗೆ ಗೊತ್ತು. ಇಡೀ ಸಿನಿಮಾದಲ್ಲಿ ನಮ್ಮ ಮಟ್ಟಿಗೆ ಅತಿ ಭಯಾನಕ ಕ್ಷಣ ಅದು, ಮತ್ತು ಆ ಕ್ಷಣದಲ್ಲಿ ಪರದೆಯ ಮೇಲಿರುವುದು ಒಂದು ಮುಖ ಮತ್ತು ಸ್ವಲ್ಪ ಬೂದಿ ಮಾತ್ರ.

ಎರಡನೇ ಭಾಗಗಳು ಸೋಲುವುದಕ್ಕೆ ಇನ್ನೂ ಒಂದು ಕಾರಣ ಇದೆ. ಮೊದಲ ನಗರ ಬಿದ್ದಾಗ ಎದೆ ಧಸಕ್ಕೆನ್ನುತ್ತದೆ, ಎರಡನೆಯದಕ್ಕೆ ‘ಅಯ್ಯೋ’ ಎನ್ನುತ್ತೇವೆ, ನಾಲ್ಕನೆಯದಕ್ಕೆ ಮೊಬೈಲ್ ನೋಡುತ್ತೇವೆ. 2016ರ ಸಿನಿಮಾದಲ್ಲಿ ಏಷ್ಯಾದ ಗಗನಚುಂಬಿಗಳನ್ನೇ ಕಿತ್ತೆತ್ತಿ ಲಂಡನ್ನಿನ ಮೇಲೆ ಸುರಿಯುತ್ತಾರೆ. ಕೆಲಸಗಾರರ ಕೈಚಳಕಕ್ಕೆ ಎರಡು ಮಾತಿಲ್ಲ. ಆದರೆ ಆ ಬೀದಿಯಲ್ಲಿ ನಮಗೆ ಗೊತ್ತಿರುವ ಮನುಷ್ಯ ಯಾರೂ ಇಲ್ಲ. ಒಟ್ಟಿನಲ್ಲಿ 1996ರದ್ದನ್ನು ಮತ್ತೊಮ್ಮೆ ನೋಡಿ ಎನ್ನುತ್ತೇವೆ. 2016ರದ್ದನ್ನು ಬಿಟ್ಟರೆ ನಷ್ಟವಿಲ್ಲ.

ಪ್ರಶ್ನೆ: ಈಗ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು. ಹಾಗಿದ್ದೂ ಹಳೆಯ ಸಿನಿಮಾದ ಸ್ಫೋಟಗಳು ಹೆಚ್ಚು ನಿಜ ಅನಿಸುವುದು ಏಕೆ? ಆಗ ಮಾಡಿದ್ದಾದರೂ ಹೇಗೆ?
– ಓದುಗರು, ಕಾರ್ಕಳ

ಉತ್ತರ: ಆಗ ಸುಟ್ಟದ್ದು ನಿಜವಾದ ಬೆಂಕಿಯಲ್ಲೇ, ಚಿಕ್ಕ ಮಾದರಿಗಳನ್ನು. 1996ರ ಸಿನಿಮಾದ ಶ್ವೇತಭವನ 1/12 ಅಳತೆಯ ಮಾದರಿ. ಚಿಕ್ಕ ಮಾದರಿ ಸಹಜ ವೇಗದಲ್ಲಿ ಒಡೆದರೆ ಚಿಕ್ಕದಾಗಿಯೇ ಕಾಣುತ್ತದೆ. ಹಾಗಾಗಿ ಹೆಚ್ಚು ವೇಗದ ಕ್ಯಾಮೆರಾದಲ್ಲಿ ಹಿಡಿದು, ಮಾಮೂಲಿ ವೇಗದಲ್ಲಿ ತೋರಿಸುತ್ತಾರೆ. ಎಷ್ಟು ಹೆಚ್ಚು? ಅಳತೆಯ ವರ್ಗಮೂಲದಷ್ಟು ಪಟ್ಟು. 12ರ ವರ್ಗಮೂಲ ಸುಮಾರು 3.46, ಸೆಕೆಂಡಿಗೆ 24 ಫ್ರೇಮಿನ ಬದಲು 83 ಫ್ರೇಮ್. ಸ್ಫೋಟಕ್ಕೆ ಇದೂ ಸಾಲದೆ ಇನ್ನೂ ಮೇಲಕ್ಕೆ ಹೋಗುತ್ತಾರೆ, ಏಕೆಂದರೆ ಮದ್ದಿನ ಹೊಡೆತಕ್ಕೆ ಚೂರುಗಳು ಬರೀ ಬೀಳುವುದಿಲ್ಲ, ಚಿಮ್ಮುತ್ತವೆ.

ಬೀದಿಯುದ್ದಕ್ಕೂ ಬೆಂಕಿಯ ಗೋಡೆ ಉರುಳಿಕೊಂಡು ಬರುವ ದೃಶ್ಯದ ಉಪಾಯ ಇನ್ನೂ ಸೊಗಸು. ಬೆಂಕಿಗೆ ಮೇಲಕ್ಕೇರುವುದು ಸ್ವಭಾವ, ಅಡ್ಡಕ್ಕೆ ಓಡಿಸುವುದು ಕಷ್ಟ. ಆದ್ದರಿಂದ ಬೀದಿಯ ಮಾದರಿಯನ್ನೇ ಎತ್ತಿ ಲಂಬವಾಗಿ ನಿಲ್ಲಿಸಿದರು. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಬೆಂಕಿಯನ್ನು ಬುಡದಲ್ಲಿ ಹೊತ್ತಿಸುತ್ತಾರೆ, ಅದು ತಾನಾಗಿ ಕಟ್ಟಡಗಳ ನಡುವೆ ಕ್ಯಾಮೆರಾದ ಕಡೆ ಏರಿಬರುತ್ತದೆ. ನೋಡುವವರಿಗೆ ಬೀದಿ ಸಮತಟ್ಟು, ಬೆಂಕಿ ಎದುರಿನಿಂದ ನುಗ್ಗುತ್ತಿದೆ. ಆ ಸಿನಿಮಾಕ್ಕೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಸಿಕ್ಕಿದ್ದರಲ್ಲಿ ಇಂಥ ಬುದ್ಧಿಯ ಪಾಲು ದೊಡ್ಡದು.

ಮಾದರಿಗೆ ಆಗದ್ದು ನೀರು. ಹನಿಯ ಗಾತ್ರ ಮಾದರಿಯ ಜೊತೆ ಚಿಕ್ಕದಾಗುವುದಿಲ್ಲ. ಬಟ್ಟಲಿನಲ್ಲಿ ಎಬ್ಬಿಸಿದ ಅಲೆಯಲ್ಲೂ ಹನಿ ಅಷ್ಟೇ ದಪ್ಪ, ಹಾಗಾಗಿ ಗುಟ್ಟು ತಕ್ಷಣ ರಟ್ಟಾಗುತ್ತದೆ. ಸಮುದ್ರ, ಪ್ರವಾಹ, ಇಡೀ ಊರು ಮುಳುಗುವುದು, ಇವಕ್ಕೆ ಕಂಪ್ಯೂಟರೇ ಲೇಸು.

ಕಂಪ್ಯೂಟರಿನ ತಪ್ಪು ಬೇರೆ ಬಗೆಯದು. ಅಲ್ಲಿ ಕ್ಯಾಮೆರಾಕ್ಕೆ ತೂಕವಿಲ್ಲ. ಕುಸಿಯುವ ಎರಡು ಗೋಪುರಗಳ ನಡುವೆ ನುಸುಳಿ, ಬೆಂಕಿಯೊಳಗೆ ಹೊಕ್ಕು, ಕಿಟಕಿಯಿಂದ ಹೊರಬರುವಂತೆ ಅದನ್ನು ಓಡಿಸಬಹುದು. ಹೆಲಿಕಾಪ್ಟರಿನಿಂದಲೋ ಹೆಗಲ ಮೇಲಿಟ್ಟೋ ಚಿತ್ರಿಸಲಾಗದ ಕೋನ ಕಂಡ ಕೂಡಲೇ ನೋಡುವವರ ಮನಸ್ಸು ಸಡಿಲವಾಗುತ್ತದೆ. ಗಣಕದ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. 2024ರಲ್ಲಿ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಪಡೆದ ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ಸಿನಿಮಾದ 610 ಗ್ರಾಫಿಕ್ಸ್ ಶಾಟ್‌ಗಳನ್ನು ಮಾಡಿದ್ದು 35 ಜನರ ತಂಡ. ನಿರ್ದೇಶಕರೇ ಗ್ರಾಫಿಕ್ಸ್ ಮೇಲ್ವಿಚಾರಕರೂ ಆಗಿದ್ದರು. ಎಲ್ಲಿ ತೋರಿಸಬೇಕು, ಎಲ್ಲಿ ಮುಚ್ಚಬೇಕು ಎಂದು ಮೊದಲೇ ತೀರ್ಮಾನವಾದರೆ ಕೆಲಸ ಚಿಕ್ಕ ತಂಡದಿಂದಲೂ ಸಾಗುತ್ತದೆ.

ಪ್ರಶ್ನೆ: ಇಂಥ ಸಿನಿಮಾವನ್ನು ಮಾಲ್‌ನಲ್ಲಿ 3ಡಿಯಲ್ಲಿ ನೋಡಬೇಕೋ 2ಡಿಯಲ್ಲೋ? ಯಾವ ಸೀಟು? ಕಳೆದ ಸಲ ರಾತ್ರಿಯ ದೃಶ್ಯಗಳೆಲ್ಲ ಮಸಿ ಬಳಿದಂತೆ ಇದ್ದವು. ಟಿಕೆಟಿಗೆ ಕೊಟ್ಟ ದುಡ್ಡು ದಂಡ ಮಾರಾಯ್ರೆ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಏಲಿಯನ್ ದಾಳಿಯ ಸಿನಿಮಾಗಳಲ್ಲಿ ಅರ್ಧಕ್ಕರ್ಧ ಕತ್ತಲೆ, ಹೊಗೆ. ಅಂಥದ್ದಕ್ಕೆ 2ಡಿಯೇ ಒಳ್ಳೆಯದು. 2ಡಿ ಪರದೆಯ ಬೆಳಕಿಗೆ ನಿಗದಿಯಾದ ಮಟ್ಟ ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ. 3ಡಿಯಲ್ಲಿ ಲೆನ್ಸ್ ಮತ್ತು ಕನ್ನಡಕ ಎರಡೂ ಬೆಳಕು ನುಂಗುವುದರಿಂದ ಕಣ್ಣಿಗೆ ತಲುಪುವುದು ಸಾಮಾನ್ಯವಾಗಿ 15ರ ಆಸುಪಾಸು, ಮೂರರಲ್ಲಿ ಒಂದು ಪಾಲು. ಹಗಲಿನ ದೃಶ್ಯದಲ್ಲಿ ಇದು ಗೊತ್ತಾಗುವುದಿಲ್ಲ, ರಾತ್ರಿಯ ದೃಶ್ಯದಲ್ಲಿ ಮುಖಗಳೇ ಮಾಯ. ಹೆಚ್ಚಿನ ಸಿನಿಮಾಗಳನ್ನು 2ಡಿಯಲ್ಲಿ ಚಿತ್ರಿಸಿ ಆಮೇಲೆ 3ಡಿಗೆ ಪರಿವರ್ತಿಸುತ್ತಾರೆ ಎನ್ನುವುದೂ ನೆನಪಿರಲಿ.

2ಡಿ ಆಟವೂ ಮಂಕಾಗಿದ್ದರೆ ಹಿಂದೆ ತಿರುಗಿ ಪ್ರೊಜೆಕ್ಟರ್ ಕಿಂಡಿ ನೋಡಿ. ಒಂದರ ಮೇಲೊಂದು ಎರಡು ಬೆಳಕಿನ ಕೋಲು ಬರುತ್ತಿದ್ದರೆ ಹಿಂದಿನ ಆಟದ 3ಡಿ ಲೆನ್ಸ್ ತೆಗೆಯದೇ ಬಿಟ್ಟಿರುವ ಸಾಧ್ಯತೆ ಹೆಚ್ಚು. ಹೊರಗೆ ಹೋಗಿ ಸಿಬ್ಬಂದಿಗೆ ಸರಿಯಾಗಿ ಇಷ್ಟೇ ಹೇಳಿ: ‘2ಡಿ ಆಟಕ್ಕೆ 3ಡಿ ಲೆನ್ಸ್ ಇದೆ, ತೆಗೆಯಿರಿ.’ ‘ಚಿತ್ರ ಸರಿ ಇಲ್ಲ’ ಎಂದರೆ ಯಾರೂ ಏಳುವುದಿಲ್ಲ, ದೋಷದ ಹೆಸರು ಹೇಳಿದರೆ ಏಳುತ್ತಾರೆ. ಮೊದಲ ಹತ್ತು ನಿಮಿಷದೊಳಗೆ ಹೇಳಬೇಕು.

ಸೀಟಿಗೆ ಸುಲಭ ಲೆಕ್ಕ: ಪರದೆಯ ಅಗಲದ ಒಂದೂಕಾಲು ಪಟ್ಟು ದೂರ. ಅಲ್ಲಿ ಪರದೆ ನಿಮ್ಮ ದೃಷ್ಟಿಯ ಸುಮಾರು 45 ಡಿಗ್ರಿ ತುಂಬುತ್ತದೆ. ಅಗಲದ ಎರಡು ಪಟ್ಟು ದೂರ ಹೋದರೆ 28 ಡಿಗ್ರಿಗೆ ಇಳಿಯುತ್ತದೆ, ಹಡಗಿನ ಗಾತ್ರವೂ ಅಷ್ಟೇ ಇಳಿಯುತ್ತದೆ. ಹೆಚ್ಚಿನ ಹಾಲ್‌ಗಳಲ್ಲಿ ಇದು ಮುಂದಿನಿಂದ ಮೂರರಲ್ಲಿ ಎರಡು ಪಾಲು ಹಿಂದಿರುವ ಸಾಲು, ನಡುವಿನ ಸೀಟು. ಕೊನೆಯ ಸಾಲಿನ ಸೋಫಾಕ್ಕೆ ಹೆಚ್ಚು ದುಡ್ಡು ಕೊಡುವವರು ಆರಾಮಕ್ಕೆ ಕೊಡುತ್ತಿದ್ದಾರೆ, ಚಿತ್ರಕ್ಕಲ್ಲ.

ಸದ್ದಿನ ಬಗ್ಗೆ ಒಂದು ಮಾತು. ಸಿನಿಮಾದ ಧ್ವನಿ ಮಿಶ್ರಣವನ್ನು ಹಾಲ್‌ನ ಧ್ವನಿ ಪ್ರೊಸೆಸರಿನ ಗುಂಡಿ 7ರಲ್ಲಿದ್ದಾಗ ಕೇಳುವಂತೆ ಮಾಡಿರುತ್ತಾರೆ. ಜಾಹೀರಾತು ಕಿವಿಗೆ ಬಡಿಯುತ್ತದೆಂದು ದೂರು ಬಂದಾಗ ಹಲವು ಕಡೆ ಅದನ್ನು 5ಕ್ಕೋ ಅದಕ್ಕೂ ಕೆಳಗೋ ಇಳಿಸಿ, ಸಿನಿಮಾ ಶುರುವಾದರೂ ಹಾಗೆಯೇ ಬಿಡುತ್ತಾರೆ. ಆಗ ಹಡಗು ತಲೆಯ ಮೇಲೆ ನಿಂತಾಗ ಎದೆಗೂಡಿನಲ್ಲಿ ಆಗಬೇಕಾದ ಕಂಪನ ಆಗುವುದೇ ಇಲ್ಲ. ಆ ಕಂಪನ ಬರುವುದು 120 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆಂದೇ ಇರುವ ಪ್ರತ್ಯೇಕ ಸ್ಪೀಕರಿನಿಂದ. ಡಾಲ್ಬಿ ಅಟ್ಮಾಸ್ ಹಾಲ್ ಆಗಿದ್ದರೆ ಛಾವಣಿಯಲ್ಲೂ ಸ್ಪೀಕರ್ ಇರುತ್ತದೆ. ಮೇಲಿನಿಂದ ಬರುವ ಶತ್ರುವಿನ ಕಥೆಗೆ ಅದು ನಿಜಕ್ಕೂ ಉಪಯೋಗ.

ಇಂಟರ್ವಲ್ ವಿಷಯದಲ್ಲಿ ನಮಗೆ ಬೇಸರ ಇದೆ. ಹಾಲಿವುಡ್ ಸಿನಿಮಾಗಳನ್ನು ಇಂಟರ್ವಲ್ ಇಟ್ಟು ಕಟ್ಟಿರುವುದಿಲ್ಲ. ಇಲ್ಲಿ ಯಾವುದೋ ದೃಶ್ಯದ ನಡುವೆ ದೀಪ ಹತ್ತುತ್ತದೆ, ಮುಕ್ಕಾಲು ಗಂಟೆ ಕಟ್ಟಿದ ಬಿಗುವು ಪಾಪ್‌ಕಾರ್ನ್ ಸಾಲಿನಲ್ಲಿ ಕರಗುತ್ತದೆ. ಸೀಟಿನಲ್ಲೇ ಕೂತಿರುವುದು ಬಿಟ್ಟರೆ ಇದಕ್ಕೆ ಮದ್ದಿಲ್ಲ.

ಪ್ರಶ್ನೆ: ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದೇ?
– ಓದುಗರು, ಮೂಡುಬಿದಿರೆ

ಉತ್ತರ: ಪ್ರಮಾಣಪತ್ರ ನೋಡಿ. ಹಿಂದಿನ ಒಂದೇ ‘ಯುಎ’ ಈಗ ಯುಎ 7+, 13+, 16+ ಎಂದು ಮೂರಾಗಿದೆ. 13+ ಎಂದಿದ್ದರೆ ಮನೆಯಲ್ಲಿ ನೀವು ಮೊದಲು ನೋಡಿ ಆಮೇಲೆ ತೋರಿಸುವುದು ವಾಸಿ. ಮಕ್ಕಳನ್ನು ಹೆದರಿಸುವುದು ಹೆಚ್ಚಾಗಿ ಸದ್ದು. ಕಿವಿಗೆ ಮುಚ್ಚುವ ಇಯರ್‌ಮಫ್ ಒಯ್ಯಿರಿ, ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ.

ಪ್ರಶ್ನೆ: ಹೊಸ 55 ಇಂಚಿನ ಟಿವಿ ತಂದ ಮೇಲೆ ಇಂಗ್ಲಿಷ್ ಸಿನಿಮಾ ಎಲ್ಲ ಸೀರಿಯಲ್ ಹಾಗೆ ಕಾಣುತ್ತದೆ. ಹಡಗು, ರಾಕ್ಷಸ ಎಲ್ಲ ವೀಡಿಯೊ ಗೇಮಿನವು. ಟಿವಿ ಹಾಳೋ, ಸಿನಿಮಾ ಹಾಳೋ?
– ಓದುಗರು, ಕುಂದಾಪುರ

ಉತ್ತರ: ಎರಡೂ ಸರಿ ಇವೆ, ಕೆಟ್ಟದ್ದು ಒಂದು ಸೆಟ್ಟಿಂಗ್. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ಅವುಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ತುರುಕಿ ಚಲನೆಯನ್ನು ನುಣ್ಣಗೆ ಮಾಡುತ್ತದೆ. ಕ್ರಿಕೆಟ್ಟಿಗೆ ಅದು ಚೆಂದ. ಸಿನಿಮಾದಲ್ಲಿ ಅದು ಹಡಗಿನ ತೂಕವನ್ನೇ ಕಳೆಯುತ್ತದೆ, ಜಾರುವ ಸ್ಟಿಕ್ಕರಿನ ಹಾಗೆ ಕಾಣಿಸುತ್ತದೆ. ಸೋನಿಯಲ್ಲಿ ಇದರ ಹೆಸರು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ. ಆಫ್ ಮಾಡಿ. ಚಿತ್ರದ ಮೋಡ್ ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’ಕ್ಕೆ ಇಡಿ, ಮೊದಲ ದಿನ ಹಳದಿ ಎನಿಸುತ್ತದೆ, ಎರಡನೇ ದಿನಕ್ಕೆ ಕಣ್ಣು ಹೊಂದುತ್ತದೆ. ಶಾರ್ಪ್‌ನೆಸ್ ಸೊನ್ನೆಯ ಹತ್ತಿರಕ್ಕೆ ಇಳಿಸಿ (ಸೋನಿಯಲ್ಲಿ ಮಾತ್ರ 50 ಎಂದರೆ ಏನೂ ಸೇರಿಸದ ಮಟ್ಟ).

ಸ್ಫೋಟದ ಧೂಳಿನಲ್ಲಿ ಚೌಕ ಚೌಕ ಕಂಡರೆ ಅದು ಇಂಟರ್ನೆಟ್ಟಿನ ತೊಂದರೆ. ಪ್ರತಿ ಚಿತ್ರದಲ್ಲೂ ಬೇರೆ ಬೇರೆಯಾಗಿ ಹಾರುವ ಸಾವಿರಾರು ಕಣಗಳನ್ನು ಕುಗ್ಗಿಸಿ ಕಳಿಸುವುದು ಬಲು ಕಷ್ಟ, ಲೈನ್ ನಿಧಾನವಾದರೆ ಮೊದಲು ಕೆಡುವುದೂ ಅದೇ. 4ಕೆಗೆ ನಿರಂತರ 25 ಎಂಬಿಪಿಎಸ್ ಇದ್ದರೆ ನಿಶ್ಚಿಂತೆ. 55 ಇಂಚಿಗೆ ಐದೂವರೆಯಿಂದ ಏಳೂವರೆ ಅಡಿ ದೂರ ಸಾಕು. ನಮ್ಮ ಮನೆಗಳಲ್ಲಿ ಸೋಫಾ ಹತ್ತು ಹನ್ನೆರಡು ಅಡಿ ಹಿಂದೆ, ಎದುರು ಗೋಡೆಗೆ ತಾಗಿ ಇರುತ್ತದೆ. ಸಿನಿಮಾ ದಿನ ಕುರ್ಚಿ ಮುಂದೆ ಎಳೆದುಕೊಳ್ಳಿ.

ಪ್ರಶ್ನೆ: ಸ್ಫೋಟ ಕಂಡ ಕ್ಷಣವೇ ಸದ್ದೂ ಕೇಳುತ್ತದಲ್ಲ, ಇದು ತಪ್ಪಲ್ಲವೇ?
– ಓದುಗರು, ಪುತ್ತೂರು

ಉತ್ತರ: ತಪ್ಪೇ. ಗಾಳಿಯಲ್ಲಿ ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಹಿಡಿಯುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸುವ ಲೆಕ್ಕವೇ ಇದು. ಮಲ್ಪೆಯ ಕಡಲಿನ ಮೇಲೆ ಹಡಗು ಸ್ಫೋಟಿಸಿದರೆ ಮಣಿಪಾಲದ ಗುಡ್ಡದ ಮೇಲೆ ನಿಂತವರಿಗೆ ಬೆಳಕು ಕಂಡು ಹತ್ತಿರ ಹತ್ತಿರ ಅರ್ಧ ನಿಮಿಷದ ಮೇಲೆ ಸದ್ದು ಮುಟ್ಟುತ್ತದೆ. ಆ ಅರ್ಧ ನಿಮಿಷದ ಮೌನವನ್ನು ಬಳಸಿಕೊಳ್ಳುವ ನಿರ್ದೇಶಕರು ಕಡಿಮೆ. ಬಳಸಿದರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಗಟ್ಟಿಯಾದ ಎಫೆಕ್ಟ್ ಇನ್ನೊಂದಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಈ ಬಗೆಯ ಸಿನಿಮಾ ಮೊದಲು ಬಂದದ್ದು ಯಾವಾಗ?
– ಹಿರಿಯ ಓದುಗರು, ಬ್ರಹ್ಮಾವರ

ಉತ್ತರ: ಅನ್ಯಗ್ರಹದವರು ಭೂಮಿಗೆ ಬರುವ ಕಥೆ ತಮಿಳಿನ ‘ಕಲೈ ಅರಸಿ’ಯಲ್ಲಿ 1963ರಷ್ಟು ಹಿಂದೆಯೇ ಇದೆ, ಎಂ.ಜಿ. ರಾಮಚಂದ್ರನ್ ನಾಯಕ. ಕಥೆಯ ಮೂಲ ಬೇರಿಗೆ ಹೋದರೆ ಎಚ್.ಜಿ. ವೆಲ್ಸ್ ಅವರ 1898ರ ಕಾದಂಬರಿ ‘ದ ವಾರ್ ಆಫ್ ದ ವರ್ಲ್ಡ್ಸ್’. ಮಂಗಳ ಗ್ರಹದವರನ್ನು ಕೊನೆಗೆ ಕೊಲ್ಲುವುದು ಭೂಮಿಯ ರೋಗಾಣು. 1996ರ ಸಿನಿಮಾದ ಕಂಪ್ಯೂಟರ್ ವೈರಸ್ ಅದರ ಮೊಮ್ಮಗು.

ಪ್ರಶ್ನೆ: ನಾವು ಐದು ಜನ ವಿದ್ಯಾರ್ಥಿಗಳು. ಮಲ್ಪೆ ಬೀಚಿನ ಮೇಲೆ ಏಲಿಯನ್ ಹಡಗು ಬಂದು ನಿಲ್ಲುವ ಐದು ನಿಮಿಷದ ಕಿರುಚಿತ್ರ ಮಾಡಬೇಕು. ಇರುವುದು ಫೋನ್, ಒಂದು ಲ್ಯಾಪ್‌ಟಾಪ್, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್. ಹಿಂದೊಮ್ಮೆ ಮಾಡಿದಾಗ ಹಡಗು ಆಕಾಶಕ್ಕೆ ಅಂಟಿಸಿದ ಹಾಗೆ ಕಂಡಿತು. ದಯವಿಟ್ಟು ವಿವರವಾಗಿ ತಿಳಿಸಿ.
– ಕಾಲೇಜು ವಿದ್ಯಾರ್ಥಿಗಳು, ಮಣಿಪಾಲ

ಉತ್ತರ: ಅಂಟಿಸಿದ ಹಾಗೆ ಕಾಣಲು ನೂರಕ್ಕೆ ತೊಂಬತ್ತು ಪಾಲು ಕಾರಣ ಬಣ್ಣದ ಕಪ್ಪು. ಕಡಲ ಮೇಲಿನ ಗಾಳಿಯಲ್ಲಿ ನೀರಾವಿ, ಉಪ್ಪು ಇರುತ್ತದೆ. ದೂರದ ವಸ್ತು ಬೆಳ್ಳಗಾಗುತ್ತದೆ. ನಿಮ್ಮ ಹಡಗಿನ ನೆರಳು ಕಡುಕಪ್ಪಾಗಿದ್ದರೆ ಅದು ಲೆನ್ಸಿಗೆ ಅಂಟಿದ ನೊಣ. ಮಲ್ಪೆಯಲ್ಲಿ ಅಳತೆಗೆ ಸೈಂಟ್ ಮೇರೀಸ್ ದ್ವೀಪವೇ ಇದೆ, ಸುಮಾರು 6 ಕಿಲೋಮೀಟರ್ ದೂರದಲ್ಲಿ. ನಿಮ್ಮ ಶಾಟ್‌ನಲ್ಲಿ ದ್ವೀಪದ ಅತಿ ಕಪ್ಪು ಭಾಗದ ಬಣ್ಣವನ್ನು, ಚಿತ್ರದಿಂದ ಬಣ್ಣ ಹೆಕ್ಕುವ ಸಾಧನವಾದ ಐಡ್ರಾಪರ್‌ನಿಂದ ತೆಗೆಯಿರಿ. ದಡದಲ್ಲಿರುವ ದೋಣಿಯ ನೆರಳಿನ ಬಣ್ಣವನ್ನೂ ತೆಗೆಯಿರಿ. ಹಡಗು 3 ಕಿಲೋಮೀಟರ್ ದೂರ ಎಂದಿಟ್ಟುಕೊಂಡರೆ ಅದರ ಕಪ್ಪು ಇವೆರಡರ ನಡುವೆ ಬೀಳಬೇಕು. ಬ್ಲೆಂಡರಿನ ಮಿಸ್ಟ್ ಪಾಸ್ (ದೂರಕ್ಕೆ ತಕ್ಕ ಮಬ್ಬಿನ ಪದರ) ಬಳಸಿ ಕಾಂಪೋಸಿಟರಿನಲ್ಲಿ (ಪದರಗಳನ್ನು ಕೂಡಿಸುವ ಭಾಗ) ಈ ಮಬ್ಬನ್ನು ಸೇರಿಸಿ.

ಚಿತ್ರೀಕರಣಕ್ಕೆ ಬನ್ನಿ. ಮೊದಲ ಸಲಕ್ಕೆ ಟ್ರೈಪಾಡ್ ಮೇಲಿನ ಅಲುಗದ ಶಾಟ್ ಸಾಕು, ಆಗ ಟ್ರ್ಯಾಕಿಂಗ್ (ಕ್ಯಾಮೆರಾ ಹೇಗೆ ಅಲುಗಿತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ತಲೆನೋವೇ ಇಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ ಸಂಜೆ ದೀಪ ಹತ್ತಿದರೂ ಮಿನುಗುವುದಿಲ್ಲ. ಬಿಸಿಲಿನಲ್ಲಿ ಫೋನ್ ತಾನಾಗಿ 1/3200ಕ್ಕೆ ಹೋಗುತ್ತದೆ, ಓಡುವವರ ಕೈಕಾಲು ಕತ್ತರಿಸಿದಂತೆ ಚೂಪಾಗುತ್ತದೆ. 64 ಪಟ್ಟು ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಸಿಕ್ಕಿಸಿದರೆ ಸರಿಯಾಗಿ 1/50ಕ್ಕೆ ಬರುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಸ್ಟೆಬಿಲೈಸೇಷನ್ ಆಫ್ ಇರಲಿ. ಅದು ಚೌಕಟ್ಟಿನ ಅಂಚನ್ನು ಎಳೆದಾಡಿ ಹಡಗು ತೇಲಾಡುವಂತೆ ಮಾಡುತ್ತದೆ.

ಕ್ಯಾಮೆರಾ ಆಡಿಸಲೇಬೇಕೆಂದಿದ್ದರೆ ಟ್ರ್ಯಾಕಿಂಗಿಗೆ ಕನಿಷ್ಠ 8 ಬಿಂದುಗಳು ಶಾಟ್ ಉದ್ದಕ್ಕೂ ಹಿಡಿದಿರಬೇಕು. ಅಲೆ, ತೆಂಗಿನ ಗರಿ, ಲಂಗರು ಹಾಕಿದ ದೋಣಿ ಯಾವುದೂ ಬೇಡ, ಎಲ್ಲ ಅಲುಗುವವು. ಅಲೆತಡೆಯ ಕಲ್ಲು, ದೀಪದ ಕಂಬ, ಕಟ್ಟಡದ ಮೂಲೆ ಹಿಡಿಯಿರಿ. ಸಾಲ್ವ್ ಎರರ್ (ಆ ಲೆಕ್ಕದ ತಪ್ಪು) ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಬರುವವರೆಗೆ ಕೆಟ್ಟ ಬಿಂದುಗಳನ್ನು ಅಳಿಸುತ್ತಾ ಹೋಗಿ.

ಶಾಟ್ ಮುಗಿದ ಕೂಡಲೇ, ಬಿಸಿಲು ಬದಲಾಗುವ ಮೊದಲು, ಕ್ಯಾಮೆರಾದ ಎದುರು ಎರಡು ಚೆಂಡು ಹಿಡಿದು ಚಿತ್ರ ತೆಗೆಯಿರಿ: ಒಂದು ಹೊಳೆಯುವ ಸ್ಟೀಲ್ ಚೆಂಡು, ಇನ್ನೊಂದು ಮಂಕು ಬೂದು ಬಣ್ಣ ಬಳಿದ ಪ್ಲಾಸ್ಟಿಕ್ ಚೆಂಡು. ಸ್ಟೀಲ್ ಚೆಂಡು ಸಿಗದಿದ್ದರೆ ಹೊಸ ಸ್ಟೀಲ್ ಸೌಟಿನ ಬೆನ್ನಾದರೂ ಸೂರ್ಯ ಎಲ್ಲಿದ್ದ, ಮರಳಿನಿಂದ ಎಷ್ಟು ಬೆಳಕು ಮೇಲಕ್ಕೆ ಬರುತ್ತಿತ್ತು ಎನ್ನುವುದನ್ನು ತೋರಿಸುತ್ತದೆ. ಬೂದು ಚೆಂಡಿನ ಬಿಸಿಲು ಬದಿ ಮತ್ತು ನೆರಳು ಬದಿಯ ವ್ಯತ್ಯಾಸ ಎಷ್ಟೋ, ಹಡಗಿನಲ್ಲೂ ಅಷ್ಟೇ ಇರಬೇಕು. ಹಡಗಿನ ಹೊಟ್ಟೆಗೆ ಕಡಲಿನ ಹಸಿರು ಛಾಯೆ ಸ್ವಲ್ಪ ಹಾಯಿಸಲು ಮರೆಯಬೇಡಿ.

ಗಾತ್ರ ಮೊದಲೇ ನಿಶ್ಚಯಿಸಿ, ಬ್ಲೆಂಡರಿನಲ್ಲಿ ಮೀಟರಿನಲ್ಲೇ ಕಟ್ಟಿ. ಫೋನಿನ ಮುಖ್ಯ ಲೆನ್ಸ್ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಡುತ್ತದೆ. 1 ಕಿಲೋಮೀಟರ್ ಅಗಲದ ಹಡಗು 3 ಕಿಲೋಮೀಟರ್ ದೂರದಲ್ಲಿದ್ದರೆ ಚೌಕಟ್ಟಿನ ಕಾಲುಭಾಗ ತುಂಬುತ್ತದೆ. ಕಡಿಮೆ ಎನಿಸಿದರೂ ಮೊದಲ ನೋಟಕ್ಕೆ ಅಷ್ಟೇ ಇರಲಿ, ಮುಂದೆ ಒಬ್ಬ ಮನುಷ್ಯ ಬೆನ್ನು ಮಾಡಿ ನಿಂತಿರಲಿ. ಹಡಗಿನ ಮೈಮೇಲೆ ಅಳತೆ ತೋರುವ ಚಿಕ್ಕ ವಿವರ ಬೇಕು, ಅದರ ಮುಂದೆ ಹಾಯುವ ಹಕ್ಕಿಯ ಗುಂಪಾದರೂ ಆದೀತು. ನೀರಿನ ಮೇಲೆ ನೆರಳು ಬೀಳದಿದ್ದರೆ ಉಳಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ.

ನಟರ ದೃಷ್ಟಿ ಎಲ್ಲರದ್ದೂ ಒಂದೇ ಕಡೆ ಇರಬೇಕು. ‘ಆಕಾಶ ನೋಡಿ’ ಎಂದರೆ ನಾಲ್ವರು ನಾಲ್ಕು ಕಡೆ ನೋಡುತ್ತಾರೆ. ಒಬ್ಬರು ಉದ್ದ ಬಿದಿರಿನ ಗಳುವಿಗೆ ಕೆಂಪು ಬಟ್ಟೆ ಕಟ್ಟಿ ಚೌಕಟ್ಟಿನ ಹೊರಗೆ ನಿಲ್ಲಲಿ. ಹಡಗು ಸರಿಯುವಂತೆ ಗಳುವೂ ನಿಧಾನ ಸರಿಯಲಿ.

ರೆಂಡರ್ (ಕಂಪ್ಯೂಟರ್ ಒಂದೊಂದು ಚಿತ್ರವನ್ನೂ ಬಿಡಿಸುವ ಕೆಲಸ) ಲೆಕ್ಕ: 5 ಸೆಕೆಂಡಿನ ಶಾಟ್ ಅಂದರೆ 125 ಫ್ರೇಮ್. ಫ್ರೇಮಿಗೆ 4 ನಿಮಿಷ ಹಿಡಿದರೆ 500 ನಿಮಿಷ, ಎಂಟು ಗಂಟೆಗೂ ಮೇಲೆ. ಇಂಥ ಎಂಟು ಶಾಟ್‌ಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ವೀಡಿಯೊ ಫೈಲ್ ಆಗಿ ರೆಂಡರ್ ಮಾಡಲೇಬೇಡಿ, ಒಂದೊಂದು ಫ್ರೇಮನ್ನೂ ಪ್ರತ್ಯೇಕ ಚಿತ್ರವಾಗಿ ಉಳಿಸಿ. ಮಳೆಗಾಲದ ರಾತ್ರಿ ಕರೆಂಟು ಹೋಗಿ ಲ್ಯಾಪ್‌ಟಾಪ್ ನಿಂತರೆ 90ನೇ ಫ್ರೇಮಿನಿಂದ ಮುಂದುವರಿಸಬಹುದು. ವೀಡಿಯೊ ಆಗಿದ್ದರೆ ಅಷ್ಟೂ ಹೋಯಿತು. ಸ್ಯಾಂಪಲ್ (ಪ್ರತಿ ಚುಕ್ಕಿಗೆ ಎಷ್ಟು ಸಲ ಬೆಳಕಿನ ಲೆಕ್ಕ ಎನ್ನುವ ಸಂಖ್ಯೆ) ತೀರಾ ಕಡಿಮೆ ಇಟ್ಟು ಡಿನಾಯ್ಸ್ ಮಾಡಿದರೆ (ಕಾಳುಕಾಳು ಅಳಿಸಿದರೆ) ಹಡಗಿನ ಮೈ ಕುದಿಯುವಂತೆ ಮಿಣುಕುತ್ತದೆ. ಮೊದಲು 10 ಫ್ರೇಮ್ ಪರೀಕ್ಷೆ ಮಾಡಿ, ಓಡಿಸಿ ನೋಡಿ, ಆಮೇಲೆ ಪೂರ್ತಿಗೆ ಕೈಹಾಕಿ. ಕೊನೆಯಲ್ಲಿ ಹಡಗಿನ ಅಂಚನ್ನು ಶಾಟ್‌ನಷ್ಟೇ ಮೆದುಮಾಡಿ, ಫೋನಿನ ಚಿತ್ರದಲ್ಲಿರುವಷ್ಟೇ ಗ್ರೇನ್ (ಸಣ್ಣ ಕಾಳುಕಾಳು) ಸೇರಿಸಿ.

ಸದ್ದನ್ನು ಇಂಟರ್ನೆಟ್ಟಿನಿಂದ ಎತ್ತಬೇಡಿ. ಬಂದರಿನಲ್ಲಿ ಟ್ರಾಲ್ ಬೋಟಿನ ಎಂಜಿನ್ ರೆಕಾರ್ಡ್ ಮಾಡಿ ಅರ್ಧ ವೇಗಕ್ಕೆ ಇಳಿಸಿದರೆ ಒಂದು ಸಪ್ತಕ ಕೆಳಗೆ ಹೋಗುತ್ತದೆ, ಇನ್ನೊಮ್ಮೆ ಅರ್ಧಕ್ಕಿಳಿಸಿದರೆ ಎರಡು. ಹಡಗಿನ ಗುಡುಗು ಸಿದ್ಧ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟುಗಳು ದಡದಲ್ಲಿ ಸುಮ್ಮನಿರುತ್ತವೆ. ಮೇ ತಿಂಗಳೊಳಗೆ ಬೋಟಿನವರನ್ನು ಕೇಳಿ ರೆಕಾರ್ಡ್ ಮುಗಿಸಿಕೊಳ್ಳಿ. ಬೀಚಿನ ಮಾಮೂಲಿ ಸದ್ದನ್ನೂ, ಕಾಗೆ, ಅಲೆ, ಐಸ್‌ಕ್ರೀಮ್ ಗಾಡಿಯ ಗಂಟೆ, ಬೇರೆಬೇರೆಯಾಗಿ ಹತ್ತು ನಿಮಿಷ ಹಿಡಿದಿಡಿ. ಹಡಗು ಕಾಣುವ ಐದು ಸೆಕೆಂಡು ಮೊದಲು ಕಾಗೆಯ ಸದ್ದನ್ನು ಮಾತ್ರ ನಿಲ್ಲಿಸಿ.